ಟವೆಲಿನಡಿಯ ಪಾಸ್‌ವರ್ಡ್

ನಾನು ಅನುಮಾನದ ಮನುಷ್ಯ. ಇದನ್ನು ನಾಚಿಕೆಯಿಂದಲ್ಲ, ಸ್ವಲ್ಪ ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ. ಬ್ಯಾಂಕಿನಲ್ಲಿ ಮೂವತ್ತು ವರ್ಷ ಚೆಕ್ಕಿನ ಸಹಿಯನ್ನು ಕಾರ್ಡಿನ ಮಾದರಿ ಸಹಿಯ ಪಕ್ಕದಲ್ಲಿಟ್ಟು ದಿಟ್ಟಿಸಿದವನಿಗೆ ಬೇರೆ ಬುದ್ಧಿ ಬರುವುದಾದರೂ ಹೇಗೆ? ಈಗ ನಿವೃತ್ತನಾಗಿದ್ದೇನೆ, ಕಣ್ಣು ಮಾತ್ರ ಇನ್ನೂ ಡ್ಯೂಟಿಯಲ್ಲಿದೆ. ಶಂಕರಪುರದ ನಮ್ಮ ಬೀದಿಯ ತರಕಾರಿಯವನು ಇವತ್ತು ಹುರುಳಿಕಾಯಿ ಎಳೆಯದಾಗಿದೆ ಎಂದರೆ, ಹಾಗಾದರೆ ನಿನ್ನೆ ಕೊಟ್ಟದ್ದು ಬಲಿತದ್ದೋ ಎಂದು ಕೇಳುತ್ತೇನೆ. ಆತ ಈಗ ನನ್ನಾಕೆ ಬಾಗಿಲಿಗೆ ಬರುವವರೆಗೂ ತಕ್ಕಡಿ ಮುಟ್ಟುವುದಿಲ್ಲ.

ಇಂಥವನಿಗೆ ಕಂಪ್ಯೂಟರ್ ಬೇಕೆನಿಸಿತು. ಸಿದ್ಧವಾಗಿ ಸಿಗುವುದು ಬೇಡವೆಂದೆ. ಅಂಗಡಿಯವರು ಮುಚ್ಚಿ ಕೊಟ್ಟ ಡಬ್ಬದೊಳಗೆ ಹಳೆಯದೇನು ಹೊಸದೇನು ಎಂದು ಯಾರು ಕಂಡರು? ಬಿಡಿಭಾಗಗಳನ್ನು ಒಂದೊಂದಾಗಿ ತಂದು ನನ್ನ ಕಣ್ಣೆದುರಿಗೇ ಜೋಡಿಸಬೇಕು. ಜೋಡಿಸಲು ಒಪ್ಪಿದವನು ಗವಿಪುರದ ಮೂರ್ತಿ. ಎಲೆಕ್ಟ್ರಾನಿಕ್ಸ್ ಮೇಷ್ಟ್ರಾಗಿದ್ದು ನನ್ನ ಹಾಗೆಯೇ ನಿವೃತ್ತನಾದವನು. ಕಾಲೇಜು ದಿನಗಳಲ್ಲಿ ಚಾಮರಾಜಪೇಟೆಯ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ನಮ್ಮಿಬ್ಬರದೂ ಅಕ್ಕಪಕ್ಕದ ಮೆಷಿನ್ನು. ನನ್ನ ಅನುಮಾನಗಳನ್ನೆಲ್ಲ ಸಹಿಸಿಕೊಂಡು ಇಲ್ಲಿಯವರೆಗೆ ಉಳಿದಿರುವ ಸ್ನೇಹಿತ ಅವನೊಬ್ಬನೇ. ಉಳಿದವರು ಎದುರಿಗೆ ಸಿಕ್ಕರೆ ಕುಶಲ ವಿಚಾರಿಸುತ್ತಾರೆ, ಮನೆಗೆ ಬರುವುದಿಲ್ಲ. ಮೂರ್ತಿ ಭಾನುವಾರ ಬೆಳಿಗ್ಗೆಯೇ ಸ್ಕ್ರೂಡ್ರೈವರ್ ಹಿಡಿದು ಬಂದ. ನಾನು ಸ್ಟೂಲ್ ಹಾಕಿಕೊಂಡು ಕುಳಿತು ಒಂದೊಂದು ಭಾಗದ ಮೇಲಿನ ನಂಬರನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಅವನು ನಗುತ್ತಾ ಒಂದು ನಂಬರನ್ನು ತಾನೇ ಓದಿ ಹೇಳಿದ. ಕನ್ನಡಕ ಹಾಕಿಕೊಂಡು ಅದನ್ನೂ ತಾಳೆ ನೋಡಿದೆ.

ಜೋಡಿಸಿದ ಮಾತ್ರಕ್ಕೆ ಕಂಪ್ಯೂಟರಿಗೆ ಬುದ್ಧಿ ಬಂದಿರುವುದಿಲ್ಲವಂತೆ. ಆಪರೇಟಿಂಗ್ ಸಿಸ್ಟಮ್ ಎಂಬುದನ್ನು ಒಳಗೆ ಇಳಿಸಬೇಕು. ಮೂರ್ತಿ ಪೆನ್‌ಡ್ರೈವ್ ಚುಚ್ಚಿದ ಕೂಡಲೇ ಅದು ಪ್ರಶ್ನೆ ಕೇಳಲು ಶುರುಮಾಡಿತು. ಷರತ್ತುಗಳಿಗೆ ಒಪ್ಪಿದ್ದೀರಾ ಎಂದಿತು. ಎಲ್ಲರೂ ಕಣ್ಣುಮುಚ್ಚಿ ಒಪ್ಪುತ್ತಾರೆ ಎಂದ ಮೂರ್ತಿ. ನಾನು ಕಣ್ಣು ಬಿಟ್ಟೇ ಪೂರ್ತಿ ಓದಿದೆ. ಅಷ್ಟರಲ್ಲಿ ಅವನು ಒಂದು ಕಾಫಿ ಮುಗಿಸಿ ಪೇಪರಿನ ಪದಬಂಧವನ್ನೂ ತುಂಬಿಸಿದ. ಓದಿ ಏನು ತಿಳಿಯಿತು ಎಂದು ಮಾತ್ರ ಕೇಳಬೇಡಿ. ನೀವು ಎಲ್ಲಿದ್ದೀರಿ ಎಂದು ತಿಳಿಯಬಹುದೇ ಎಂದಿತು, ಕೂಡದು ಎಂದೆ. ಕೊನೆಗೆ 'ನಿಮಗಾಗಿ ನಾವು ಎಲ್ಲವನ್ನೂ ಸಿದ್ಧಪಡಿಸುತ್ತಿದ್ದೇವೆ' ಎಂದು ಬರೆದುಕೊಂಡು ಸುಮ್ಮನಾಯಿತು. ನಾವು ಎಂದರೆ ಯಾರು? ಕೋಣೆಯಲ್ಲಿದ್ದದ್ದು ನಾನು ಮತ್ತು ಮೂರ್ತಿ. ನಾನಂತೂ ಏನನ್ನೂ ಸಿದ್ಧಪಡಿಸುತ್ತಿರಲಿಲ್ಲ.

ಆಮೇಲೆ ಪಾಸ್‌ವರ್ಡ್ ಕೇಳಿತು. ಮೂರ್ತಿ ಪಕ್ಕದಲ್ಲೇ ಕುಳಿತಿದ್ದ. ಸ್ನೇಹಿತ ನಿಜ, ಆದರೆ ಕಣ್ಣು ಕಣ್ಣೇ ತಾನೇ. ಮಂಚದ ಮೇಲಿದ್ದ ಟವೆಲನ್ನು ಕೀಬೋರ್ಡಿನ ಮೇಲೆ ಹೊದಿಸಿ, ಎರಡೂ ಕೈಗಳನ್ನು ಅದರಡಿಗೆ ತೂರಿಸಿ ಟೈಪ್ ಮಾಡಿದೆ. ಟೈಪಿಂಗ್ ಪಾಸಾದವನಿಗೆ ಕೀ ನೋಡುವ ಅಗತ್ಯವೇನಿದೆ? ಇನ್ನೊಮ್ಮೆ ಎಂದಿತು, ಕೈ ಹೊರಗೆ ತೆಗೆಯದೆ ಇನ್ನೊಮ್ಮೆಯೂ ಹೊಡೆದೆ. ಎರಡೂ ತಾಳೆಯಾದವು. ಮೂರ್ತಿ ಚಾವಣಿ ನೋಡುತ್ತಾ ಕುಳಿತಿದ್ದ.

ನಾನು ಉಪ್ಪಿಟ್ಟಿನ ತಟ್ಟೆ ತರಲು ಅಡುಗೆಮನೆಗೆ ಹೋಗಿ ಬರುವಷ್ಟರಲ್ಲಿ ಕಂಪ್ಯೂಟರ್ ತಾನಾಗಿಯೇ ಆರಿ ಮತ್ತೆ ಹತ್ತಿಕೊಂಡು ಪಾಸ್‌ವರ್ಡಿಗಾಗಿ ಕಾದಿತ್ತು. ಈ ಸಲ ಮೂರ್ತಿ ಕಿಟಕಿಯ ಹತ್ತಿರವಿದ್ದದ್ದರಿಂದ ಟವೆಲ್ ಬೇಕಾಗಲಿಲ್ಲ. ಕೀಗಳನ್ನು ನೋಡಿಕೊಂಡೇ ಹೊಡೆದೆ. ತಪ್ಪು ಎಂದಿತು. ನಾಲ್ಕು ಸಲ ಹೊಡೆದೆ, ನಾಲ್ಕು ಸಲವೂ ತಪ್ಪು. ಪಾಸ್‌ವರ್ಡ್ ನನ್ನ ತಲೆಯಲ್ಲಿ ಗಟ್ಟಿಯಾಗಿತ್ತು. ಹಾಗಾದರೆ ನಾನು ಅಡುಗೆಮನೆಯಲ್ಲಿದ್ದಾಗ ಇಲ್ಲಿ ಒಬ್ಬನೇ ಇದ್ದವನು ಯಾರು?

"ನಾನು ಒಳಗೆ ಹೋದಾಗ ನೀನೇನಾದ್ರೂ ಮುಟ್ಟಿದ್ಯಾ?" ಎಂದು ಕೇಳಿದೆ.

ಮೂರ್ತಿ ಇನ್ನೂ ನಗುತ್ತಲೇ ಇದ್ದ. ಮುಟ್ಟದೆ ಜೋಡಿಸುವುದು ಹೇಗೆ ಎಂದ.

"ಪಾಸ್‌ವರ್ಡ್ ಬದಲಾಯಿಸಿದ್ಯಾ ಅಂತ ಕೇಳ್ದೆ."

ಅವನ ಮುಖದ ನಗು ಹೋಯಿತು. ಸ್ಕ್ರೂಡ್ರೈವರನ್ನು ಒರೆಸಿ ಚೀಲಕ್ಕೆ ಹಾಕಿಕೊಂಡ. ಉಪ್ಪಿಟ್ಟು ಮುಟ್ಟಲಿಲ್ಲ. ಬಾಗಿಲಲ್ಲಿ ನಿಂತಿದ್ದ ನನ್ನಾಕೆ, "ಏನ್ರೀ ಇದು, ಮೂರ್ತಿಯವರನ್ನೂ ಬಿಡಲ್ವಾ ನೀವು?" ಎಂದಳು. ಇವನೊಬ್ಬ ಹೋದರೆ ಭಾನುವಾರ ನಮ್ಮ ಮನೆಗೆ ಬರುವವರು ಯಾರೂ ಇಲ್ಲ. ಆದರೂ ನಾನು ನೋಡುತ್ತಿದ್ದದ್ದು ಕಂಪ್ಯೂಟರನ್ನೇ.

ಚಪ್ಪಲಿ ಹಾಕಿಕೊಳ್ಳುತ್ತಿದ್ದ ಮೂರ್ತಿ, ನೆಲಕ್ಕೆ ಬಿದ್ದಿದ್ದ ಟವೆಲನ್ನು ಅಲ್ಲಿಂದಲೇ ನೋಡುತ್ತಾ ನಿಂತ. ಮತ್ತೆ ಚಪ್ಪಲಿ ಬಿಟ್ಟು ಒಳಗೆ ಬಂದ.

"ಶ್ರೀಪತಿ, ಇನ್‌ಸ್ಟಿಟ್ಯೂಟಲ್ಲಿ ಕೀ ಮೇಲೆ ಬಟ್ಟೆ ಮುಚ್ಚಿ ಟೈಪ್ ಮಾಡಿಸ್ತಿದ್ರಲ್ಲ, ಜ್ಞಾಪಕ ಇದ್ಯಾ? ನೀನು ಒಂದಿಡೀ ಲೆಟರ್‌ನ ಒಂದೊಂದು ಕೀ ಬಲಕ್ಕೆ ಹೊಡ್ದಿದ್ದೆ. ಆಮೇಲೆ ನೀನು, ಪಕ್ಕದಲ್ಲಿದ್ದ ಮೂರ್ತಿನೇ ಪೇಪರ್ ಬದಲಾಯಿಸ್ದ ಅಂತ ಮೇಷ್ಟ್ರ ಹತ್ರ ಹೇಳ್ದೆ."

ಜ್ಞಾಪಕವಿತ್ತು. ಇಲ್ಲವೆಂದು ತಲೆಯಾಡಿಸಿದೆ.

"ನಿನ್ನ ಪಾಸ್‌ವರ್ಡ್ ನಂಗೆ ಬೇಡಪ್ಪ. ಅದನ್ನೇ ಒಂದೊಂದು ಕೀ ಬಲಕ್ಕೆ ಹೊಡಿ, ಸಾಕು."

ಹೊಡೆದೆ. ಕಂಪ್ಯೂಟರ್ ಸ್ವಾಗತ ಎಂದಿತು. ಯಾರಿಗೂ ಕಾಣಬಾರದೆಂದು ಮುಚ್ಚಿದ ಟವೆಲು ನನಗೊಬ್ಬನಿಗೇ ಕಾಣದಂತೆ ಮಾಡಿತ್ತು. ನನ್ನಾಕೆ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು. ನನಗೆ ನಿಜವಾಗಿಯೂ ನಾಚಿಕೆಯಾಯಿತು.

ಮೂರ್ತಿ ತಣ್ಣಗಾದ ಉಪ್ಪಿಟ್ಟಿನ ತಟ್ಟೆಯನ್ನು ಕೈಗೆತ್ತಿಕೊಂಡ. ಇನ್ನು ಬೇರೆ ಪಾಸ್‌ವರ್ಡ್ ಇಟ್ಟುಕೋ, ಟವೆಲ್ ಬೇಡ, ನಾನೇ ಆ ಕಡೆ ತಿರುಗುತ್ತೇನೆ ಎಂದು ಗೋಡೆಗೆ ಮುಖ ಮಾಡಿ ನಿಂತು ತಿನ್ನತೊಡಗಿದ. ಅವನ ಬೆನ್ನನ್ನೇ ನೋಡಿದೆ. ಎಂಥ ಮನುಷ್ಯನನ್ನು ಎಂಥ ಮಾತು ಕೇಳಿಬಿಟ್ಟೆ! ತಪ್ಪಾಯಿತು ಕಣೋ ಎನ್ನಬೇಕೆಂದು ಬಾಯಿ ತೆರೆದೆ. ಆಗಲೇ ಆ ಗೋಡೆಯ ಮೇಲಿರುವ ನಮ್ಮ ಮದುವೆಯ ಫೋಟೋ ಕಣ್ಣಿಗೆ ಬಿತ್ತು. ಅದಕ್ಕೆ ಗಾಜಿದೆ. ಗಾಜಿನೊಳಗೆ ಕೀಬೋರ್ಡು ಸ್ಪಷ್ಟವಾಗಿ ಕಾಣುತ್ತಿತ್ತು.

"ಮೂರ್ತಿ," ಎಂದೆ, "ಒಂಚೂರು ಎಡಕ್ಕೆ ನಿಂತ್ಕೊ."