ಮಿಕಾಟೆ ಪೊಟ್ಟಣದಲ್ಲಿ ಕ್ಲೈಮ್ಯಾಕ್ಸು

ಪಪಾ ಮಬಿಯಾಲನಿಗೆ ಈ ಲೋಕದಲ್ಲಿ ಒಂದೇ ಒಂದು ಥರದ ಜನರನ್ನು ಕಂಡರೆ ಆಗುತ್ತಿರಲಿಲ್ಲ: ಕಥೆಯ ಕೊನೆಯನ್ನು ಮೊದಲೇ ಬಾಯಿಬಿಡುವವರು. ಜೇಬುಗಳ್ಳರನ್ನು ಬೇಕಾದರೆ ಕ್ಷಮಿಸಿಯಾನು. ತಾನು ರಿಪೇರಿ ಮಾಡಿಕೊಟ್ಟ ಗಡಿಯಾರ ಸಂಜೆಯೊಳಗೆ ಮತ್ತೆ ನಿಂತಿತೆಂದು ಅಂಗಡಿಯ ಮುಂದೆ ರಂಪ ಮಾಡುವವರನ್ನೂ ಕ್ಷಮಿಸಿಯಾನು (ಕ್ಷಮಿಸಲೇಬೇಕಲ್ಲ, ತಪ್ಪು ಅವನದೇ). ಆದರೆ ಕ್ಷೌರದಂಗಡಿಯ ಲುಫುಂಗುಲನನ್ನು ಮಾತ್ರ ಸತ್ತರೂ ಕ್ಷಮಿಸ. ಒಂದು ಪತ್ತೇದಾರಿ ಚಿತ್ರಕಥೆ ಇನ್ನೇನು ರಂಗೇರಬೇಕು, ಈ ಮಹಾನುಭಾವ ಪುಸ್ತಕ ಎತ್ತಿಕೊಡುವ ನೆಪದಲ್ಲಿ ಕೊನೆಯ ಹಾಳೆಗೆ ಇಣುಕಿ, "ಅಯ್ಯೋ, ಕೊಲೆ ಮಾಡಿದ್ದು ಅಡುಗೆಯವನಂತೆ ಕಣ್ರೋ!" ಎಂದು ಇಡೀ ಅಂಗಳಕ್ಕೆ ಕೇಳುವಂತೆ ಕೂಗಿಬಿಟ್ಟಿದ್ದ.

ಅಂಗಳ ಮಬಿಯಾಲನದೇ. ಕಿನ್ಶಾಸಾದ ಮಟೇಟೆ ಬಡಾವಣೆಯಲ್ಲಿ, ಮಾವಿನ ಮರದ ಕೆಳಗೆ, ಪ್ರತಿ ಭಾನುವಾರ ಚರ್ಚಿನಿಂದ ಬಂದವರು ಬಂದ ಬಟ್ಟೆಯಲ್ಲೇ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕೂರುತ್ತಿದ್ದರು. ಆ ವಾರ ಯಾರ ಕೈಗೆ ಹೊಸ ಚಿತ್ರಕಥೆ ಪುಸ್ತಕ ಸಿಕ್ಕಿತೋ ಅವರು ಎದ್ದು ನಿಂತು, ಪುಟ ಎತ್ತಿ ತೋರಿಸುತ್ತ ಕಥೆ ಹೇಳಬೇಕು. ಇದಕ್ಕೆ ಸಂವಿಧಾನ ಬರೆದವನೂ ಮಬಿಯಾಲನೇ, ಅಧ್ಯಕ್ಷನೂ ಅವನೇ. ಹೇಳುವವನ ಹೊರತು ಬೇರೆಯವರು ಪುಸ್ತಕ ಮುಟ್ಟಕೂಡದು. ಬಲಗಡೆ ಪುಟದ ಕಟ್ಟಕಡೆಯ ಚಿತ್ರದ ಚೌಕ ಬಂದಾಗ ನಿಲ್ಲಿಸಬೇಕು. ಚಿತ್ರಗಾರ ಜೀವ ಬಾಯಿಗೆ ಬರುವಂಥದ್ದನ್ನು ತಂದಿಡುವುದು ಅಲ್ಲೇ ತಾನೇ? ಮುಂದೇನೆಂದು ಎಲ್ಲರೂ ಊಹಿಸಿ, ಮೂರು ಚಪ್ಪಾಳೆ ತಟ್ಟಿದ ಮೇಲೆ ಪುಟ ತಿರುವಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಭಾನುವಾರಕ್ಕೆ ಮೊದಲು ಕಥೆ ಯಾರ ಕಿವಿಗೂ ಬೀಳಕೂಡದು, ಕಟ್ಟಿಕೊಂಡ ಹೆಂಡತಿಯ ಕಿವಿಗೂ!

ಹೀಗಿರಲು ಬೊಲುಂಬುವಿನ ಕಥೆಯ ಮೂರನೆಯ ಭಾಗ ಬಂತು. ಬೊಲುಂಬು ದೋಣಿ ನಡೆಸುವ ಹುಡುಗಿ. ಅವಳ ದನಿಯನ್ನು ನದಿಯ ದೈವ ಕಿತ್ತುಕೊಂಡು ಮುಷ್ಟಿಯಲ್ಲಿ ಬಚ್ಚಿಟ್ಟುಕೊಂಡಿದೆ. ಅದನ್ನು ವಾಪಸು ತರಲು ಅವಳು ಎರಡು ಭಾಗಗಳುದ್ದಕ್ಕೂ ಒಂದು ಮಾತೂ ಆಡದೆ ಹೊಳೆಯ ಹರಿವಿಗೆ ಎದುರಾಗಿ ದೋಣಿ ನಡೆಸಿದ್ದಾಳೆ. ಮಬಿಯಾಲನ ಭಾವಮೈದ ಹೊಳೆಯ ಆಚೆ ದಡದ ಬ್ರಾಜಾವಿಲ್ ಊರಿನಿಂದ ತಂದುಕೊಟ್ಟದ್ದು ಇಡೀ ಮಟೇಟೆಗೆ ಒಂದೇ ಪ್ರತಿ.

ಮಬಿಯಾಲ ಸಾಬೂನು ಹಾಕಿ ಕೈ ತೊಳೆದುಕೊಂಡು ಓದಲು ಕೂತ. ಏನು ಚಿತ್ರ, ಏನು ಚಿತ್ರ! ಒಂದು ಪುಟದಲ್ಲಿ ಪ್ರವಾಹ ಹೇಗೆ ಏರಿ ಬಂತೆಂದರೆ, ಅವನು ತನಗರಿವಿಲ್ಲದೆ ಚಪ್ಪಲಿ ಕಳಚಿ ಕಾಲು ಎತ್ತಿ ಕುರ್ಚಿಯ ಮೇಲಿಟ್ಟುಕೊಂಡ. ದೈವದ ಕಣ್ಣು ಕಂಡಾಗ ಎದ್ದು ಟೋಪಿ ತೆಗೆದ. ಕೊನೆಗೆ ದೈವ ಮುಷ್ಟಿ ಬಿಚ್ಚುತ್ತದೆ, ಒಳಗೆ ಏನೂ ಇಲ್ಲ! ಆಮೇಲೆ ಒಂದಕ್ಷರವೂ ಇಲ್ಲದ ಹಾಳೆಗಳು, ಬರೀ ನೀರು. ಮಬಿಯಾಲ ಬಿಟ್ಟ ಬಾಯಿ ಬಿಟ್ಟಂತೆ ಕೂತಿದ್ದ. ಕಣ್ಣಲ್ಲಿ ನೀರು ಬಂತು. ಅವತ್ತು ಅಂಗಡಿಯಲ್ಲಿ ಒಬ್ಬ ಪಾದ್ರಿಯ ಗಡಿಯಾರಕ್ಕೆ ನಿಮಿಷದ ಮುಳ್ಳಿನ ಜಾಗದಲ್ಲಿ ಗಂಟೆಯ ಮುಳ್ಳು ಕೂರಿಸಿ ಕಳಿಸಿದ.

"ಏನಾಯ್ತು ಪಪಾ, ಆ ಹುಡುಗಿಗೆ ದನಿ ಸಿಕ್ತಾ?" ಹಿಟ್ಟು ಬಡಿಯುತ್ತಲೇ ಕೇಳಿದಳು ಹೆಂಡತಿ ಬಿಲೊಂಡ. ಅವಳು ಮನೆಬಾಗಿಲಲ್ಲೇ ಒಲೆ ಹೂಡಿ ಮಿಕಾಟೆ ಕರಿದು ಮಾರುವವಳು. ಅವಳ ಹಿಟ್ಟಿನುಂಡೆಗಳು ಎಣ್ಣೆಯಲ್ಲಿ ಉಬ್ಬಿ ಮೇಲೆ ಬರುವುದನ್ನು ನೋಡಲೆಂದೇ ಜನ ನಿಲ್ಲುತ್ತಿದ್ದರು.

"ಭಾನುವಾರ ಅಂಗಳಕ್ಕೆ ಬಾ, ಗೊತ್ತಾಗುತ್ತೆ."

"ಭಾನುವಾರವೇ ಅಲ್ವಾ ನನಗೆ ಗಿರಾಕಿ ಜಾಸ್ತಿ? ಮಿಕಾಟೆ ಕರೀಲೋ, ನಿಮ್ಮ ಕಥೆ ಕೇಳ್ಲೋ? ಒಂದೇ ಮಾತು ಹೇಳಿಬಿಡಿ. ಸಿಕ್ತೋ, ಇಲ್ವೋ?"

"ನಿಯಮ ಅಂದ್ರೆ ನಿಯಮ."

"ನಿಮ್ಮ ನಿಯಮಕ್ಕಿಷ್ಟು ಬೆಂಕಿ ಹಾಕ! ಎರಡು ಭಾಗ ಒಲೆ ಮುಂದೆ ಕೂತು ಕಿವಿ ನಿಮಿರಿಸಿಕೊಂಡು ಕೇಳಿದೀನಿ. ನಾನೇನು ಲುಫುಂಗುಲನಾ, ಊರಿಗೆಲ್ಲ ಸಾರೋಕೆ?"

ಲುಫುಂಗುಲನ ಹೆಸರು ಕಿವಿಗೆ ಬಿದ್ದದ್ದೇ ತಡ, ಮಬಿಯಾಲ ಪುಸ್ತಕವನ್ನು ಎದೆಗವಚಿಕೊಂಡ. ಈ ಭಾನುವಾರವೇ ಅಧ್ಯಕ್ಷಗಿರಿಯ ಚುನಾವಣೆ, ಎದುರಾಳಿ ಅದೇ ಕ್ಷೌರಿಕ. ಕಥೆ ಗೆದ್ದರೆ ಕುರ್ಚಿ ಉಳಿಯುತ್ತದೆ. ಅವನೇನಾದರೂ ಇಣುಕಿ ಕೂಗಿದರೆ ಮಾನವೂ ಹೋಯಿತು, ಕುರ್ಚಿಯೂ ಹೋಯಿತು! ಆಗ ಹೊಳೆಯಿತು ಉಪಾಯ. ಗಡಿಯಾರದ ಚಿಮುಟ ತಂದು, ಶಸ್ತ್ರಚಿಕಿತ್ಸೆ ಮಾಡುವ ವೈದ್ಯರ ಏಕಾಗ್ರತೆಯಲ್ಲಿ ಪುಸ್ತಕದ ಹೊಲಿಗೆ ಬಿಚ್ಚಿ ಕೊನೆಯ ಹಾಳೆಗಳನ್ನು ಹೊರತೆಗೆದ. ಬಚ್ಚಿಡುವುದೆಲ್ಲಿ? ಸಾಹಿತ್ಯಪ್ರೇಮಿ ಯಾವನೂ ಕೈಹಾಕದ ಜಾಗದಲ್ಲಿ! ಮೈದಾ ಚೀಲದ ಪಕ್ಕದ ಹಳೇ ಪೇಪರಿನ ಕಟ್ಟಿನೊಳಗೆ ತೂರಿಸಿ, ತನ್ನ ಬುದ್ಧಿಗೆ ತಾನೇ ಬೆರಗಾಗಿ ಮಲಗಿದ.

(ಹಳೇ ಪೇಪರಿನ ಕಟ್ಟು ಮೈದಾ ಚೀಲದ ಪಕ್ಕ ಯಾಕಿರುತ್ತದೆ ಎಂಬುದು ನಿಮಗೆ ಹೊಳೆಯಿತು. ಅವನಿಗೆ ಹೊಳೆಯಲಿಲ್ಲ.)

ಭಾನುವಾರ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಬಿಯಾಲ ಅವತ್ತು ಹೇಳಿದ್ದೇ ಹೇಳಿದ್ದು! ಪ್ರವಾಹದ ಪುಟ ಎತ್ತಿ ಹಿಡಿದಾಗ ಮುಂದಿನ ಸಾಲಿನವರು ಕುರ್ಚಿ ಹಿಂದಕ್ಕೆ ಸರಿಸಿದರು. ದೈವದ ಕಣ್ಣು ಕಂಡಾಗ ಲುಫುಂಗುಲ ಕೂಡ ಶಿಲುಬೆಯ ಗುರುತು ಹಾಕಿಕೊಂಡ. ಬಲಗಡೆ ಪುಟ, ಕಟ್ಟಕಡೆಯ ಚೌಕ: ಬಿಚ್ಚಲಿರುವ ಮುಷ್ಟಿ. ಊಹೆಗಳು ಮುಗಿದವು. ಮೂರು ಚಪ್ಪಾಳೆ ಬಿದ್ದವು.

"ಒಂದು ನಿಮಿಷ, ಭದ್ರವಾಗಿಟ್ಟಿದೀನಿ!" ಎಂದು ಗೆದ್ದವನ ಠೀವಿಯಲ್ಲಿ ಮಬಿಯಾಲ ಒಳಗೆ ಹೋದ. ಮೈದಾ ಚೀಲವಿತ್ತು. ಪಕ್ಕದ ನೆಲ ಗುಡಿಸಿದಷ್ಟು ಚೊಕ್ಕಟವಾಗಿತ್ತು.

"ಬಿಲೊಂಡಾ! ಪೇಪರಿನ ಕಟ್ಟು ಎಲ್ಲಿ?"

"ಇನ್ನೆಲ್ಲಿ? ಬೆಳಗ್ಗೆಯಿಂದ ಪೊಟ್ಟಣ ಕಟ್ಟಿ ಕಟ್ಟಿ ಮುಗೀತು. ಯಾಕೋ ಈ ಸಲ ಕಾಗದ ದಪ್ಪಗಿತ್ತು, ಎಣ್ಣೆ ಚೆನ್ನಾಗಿ ತಡೀತು."

ಮಬಿಯಾಲ ಗೋಡೆ ಹಿಡಿದು ಕೂತ. ಹೊರಗೆ ಲುಫುಂಗುಲನ ದನಿ: "ಏನ್ರಪ್ಪಾ, ಅಧ್ಯಕ್ಷರು ಕ್ಲೈಮ್ಯಾಕ್ಸನ್ನ ತಿಂದುಬಿಟ್ರಾ?" ಅಂಗಳ ಹೋ ಎಂದು ನಕ್ಕಿತು. ಆ ನಗು ಬಿಲೊಂಡಳಿಗೆ ಚುಚ್ಚಿತು. ಗಂಡನನ್ನು ಬೈಯುವ ಹಕ್ಕು ಅವಳೊಬ್ಬಳದು. ಬೇರೆಯವರು ಕೈಹಾಕಿದರೆ ಸುಮ್ಮನಿರುವವಳಲ್ಲ. ಪಕ್ಕದ ಮನೆಯವಳಿಗೆ ಒಲೆ ಒಪ್ಪಿಸಿ, ಜಾಲರಿ ಸೌಟು ಕೈಯಲ್ಲಿ ಹಿಡಿದೇ ಮಾವಿನ ಮರದ ಕೆಳಗೆ ಬಂದು ನಿಂತಳು.

"ಹಾಳೆ ಪೊಟ್ಟಣಕ್ಕೆ ಹೋಯ್ತು. ಕಥೆ ಎಲ್ಲೂ ಹೋಗಿಲ್ಲ, ಕೂತ್ಕೊಳ್ಳಿ. ನಾನು ಓದಿದೀನಿ."

ಓದಿರಲಿಲ್ಲ! ಅದು ಗೊತ್ತಿದ್ದವನು ಮಬಿಯಾಲನೊಬ್ಬನೇ. ಬಾಗಿಲಲ್ಲಿ ನಿಂತು ಬೆವರಿದ.

"ದೈವ ಮುಷ್ಟಿ ಬಿಚ್ಚಿತು," ಅಂದಳು ಬಿಲೊಂಡ, ನಿಧಾನವಾಗಿ ತನ್ನ ಅಂಗೈ ಬಿಚ್ಚುತ್ತ. "ಒಳಗಿದ್ದದ್ದು ಒಂದು ದನಿಯಲ್ಲ. ಈ ಹೊಳೆಯಲ್ಲಿ ಇವತ್ತಿನವರೆಗೆ ಮುಳುಗಿದವರ ದನಿಯೆಲ್ಲ ಇತ್ತು. ನನ್ನ ಅಣ್ಣನದೂ ಇತ್ತು. ನಿಂದು ಆರಿಸ್ಕೊ ಅಂತು ದೈವ. ಹುಡುಗಿ ಆರಿಸ್ಕೊಳ್ಳಲಿಲ್ಲ. ಆ ಕೈಯನ್ನ ಕೆಳಗಿಂದ ಹೀಗೆ ತಟ್ಟಿದಳು ನೋಡಿ, ಎಲ್ಲಾ ಹಾರಿಹೋದ್ವು! ಕಿನ್ಸುಕದ ಬಂಡೆಗಳ ಹತ್ರ ನೀರು ಹಗಲೂ ರಾತ್ರಿ ಭೋರ್ಗರೆಯುತ್ತಲ್ಲ, ಏನದು ಅಂದ್ಕೊಂಡಿದ್ದೀರಿ? ಅವರು ಮಾತಾಡ್ತಿರೋದು."

ಅಂಗಳವೆಲ್ಲ ಅವಳ ಅಂಗೈಯತ್ತ ಬಾಗಿತು. ಲುಫುಂಗುಲ ಕಿನ್ಸುಕದ ದಿಕ್ಕಿಗೆ ಮುಖ ತಿರುಗಿಸಿದ. ಅವನ ತಂದೆಯೂ ಆ ಹೊಳೆಯಲ್ಲೇ ಹೋಗಿದ್ದ. ಮಬಿಯಾಲ ಬಾಗಿಲು ಬಿಟ್ಟು ಎರಡು ಹೆಜ್ಜೆ ಮುಂದೆ ಬಂದ. ಇಷ್ಟು ವರ್ಷ ತಾನು ಬಾಳಿದ್ದು ಯಾರ ಜೊತೆ? ಎಣ್ಣೆ ಮುಗೀತು, ಇದ್ದಿಲು ತನ್ನಿ ಎನ್ನುತ್ತಿದ್ದವಳು ಇವಳೇನಾ?

"ಕೊನೆಗೆ ಆ ಕೈಯಲ್ಲಿ ಒಂದೇ ಒಂದು ದನಿ ಉಳೀತು. ಅದು ಅವಳದ್ದೇ. ಹುಡುಗಿ ಕೈ ಚಾಚಿದಳು..." ಬಿಲೊಂಡ ನಿಲ್ಲಿಸಿ ಮೂಗರಳಿಸಿದಳು. "ಎಣ್ಣೆ ಹೊಗೆಯಾಡ್ತಿದೆ. ಇದು ಬಲಗಡೆ ಪುಟ ಅಂದ್ಕೊಳ್ಳಿ. ಮಿಕ್ಕಿದ್ದು ಮುಂದಿನ ಭಾನುವಾರ."

ಹೋದ ಉಸಿರು ಒಟ್ಟಿಗೆ ವಾಪಸು ಬಂದಂತೆ ಜನ ಬೊಬ್ಬೆಯಿಟ್ಟರು. ಅಷ್ಟರಲ್ಲಿ ಬೆಳಗ್ಗೆ ಮಿಕಾಟೆ ಕೊಂಡೊಯ್ದಿದ್ದ ಮಮಾ ಎಸೆಂಗೊ ಪೊಟ್ಟಣದ ಕಾಗದ ಬೀಸುತ್ತ ಗೇಟಿನಿಂದ ಬಂದಳು. "ಇದೇನಮ್ಮ ಬಿಲೊಂಡಾ, ಇಷ್ಟು ಒಳ್ಳೇ ಕಾಗದದಲ್ಲಿ ಕಟ್ಟಿದೀಯ, ಬೇಕಿತ್ತೇನೋ ಅಂತ ತಂದೆ."

"ಇದೇ! ಇದೇ ಕೊನೇ ಪುಟ!" ಮಬಿಯಾಲ ಹಾರಿ ಕಸಿದುಕೊಂಡು ಎತ್ತಿ ಹಿಡಿದ. "ನೋಡಿ, ಮುಷ್ಟಿ ಖಾಲಿ ಇರುತ್ತೆ. ಆಮೇಲೆ ಬರೀ ನೀರು! ಅದರ ಗಾಂಭೀರ್ಯ ನೋಡಿ!"

ಎಲ್ಲರೂ ಬಗ್ಗಿ ನೋಡಿದರು. ಲುಫುಂಗುಲ ಕಣ್ಣೊರೆಸಿಕೊಂಡು, ಮರುಕದಿಂದ ಅವನ ಹೆಗಲ ಮೇಲೆ ಕೈಯಿಟ್ಟ.

"ಪಪಾ, ಎಣ್ಣೆಗೆ ಚಿತ್ರ ಅಳಿಸಿಹೋಗಿದೆ, ಅಷ್ಟೇ. ಹೆಂಡತಿ ಚೆನ್ನಾಗಿ ಹೇಳಿದಳು ಅಂತ ಹೊಟ್ಟೆಕಿಚ್ಚು ಪಡಬೇಡ." ಆಮೇಲೆ ಜನರ ಕಡೆ ತಿರುಗಿ ಹೇಳಿದ: "ನಾನು ಚುನಾವಣೆಗೆ ನಿಲ್ಲಲ್ಲ. ಮಮಾ ಬಿಲೊಂಡ ಅಧ್ಯಕ್ಷೆ ಆಗಲಿ!"

ಒಂದು ಕೈಯೂ ಕೆಳಗಿರಲಿಲ್ಲ. ಮಬಿಯಾಲನದೂ ತಾನಾಗಿ ಮೇಲೆ ಹೋಗಿತ್ತು. ಅದು ಅವನಿಗೆ ಗೊತ್ತಾದದ್ದು ಆಮೇಲೆ.

ಸಂಜೆ ಅವನು ಒಲೆಯ ಪಕ್ಕ ಬಂದು ಕುಕ್ಕುರುಗಾಲಲ್ಲಿ ಕೂತ. ತಾನು ಓದಿದ ಅಸಲಿ ಕೊನೆ ನೆನಪಿಗೇ ಬರುತ್ತಿರಲಿಲ್ಲ. ಕಣ್ಣ ಮುಂದೆ ಇದ್ದದ್ದು ಆ ಚಾಚಿದ ಕೈಯೊಂದೇ.

"ಬಿಲೊಂಡಾ..."

"ಏನು?"

"ಆ ಹುಡುಗಿಗೆ ದನಿ ಸಿಕ್ತಾ?"

ಬಿಲೊಂಡ ಬಾಣಲೆಯಿಂದ ಕಣ್ಣೆತ್ತದೆ ಜಾಲರಿ ಸೌಟನ್ನು ಅವನ ಕೈಗಿತ್ತಳು.

"ಭಾನುವಾರ ಹೇಳ್ತೀನಿ. ನೀವು ಇಲ್ಲೇ ಒಲೆ ಮುಂದೆ ಕೂತಿರ್ತೀರಲ್ಲ, ಕಿವಿ ನಿಮಿರಿಸಿಕೊಂಡ್ರೆ ಕೇಳ್ಸುತ್ತೆ."