ಭಾವನವರು ಪಂಪು ಹುಡುಕಿದ್ದು

ನಮ್ಮ ಭಾವನವರು ಯಾರ ಮನೆಯಲ್ಲಿ ಬೇಕಾದರೂ ನೀರು ಕುಡಿಯುತ್ತಿದ್ದರು, ಊಟ ಮಾಡುತ್ತಿದ್ದರು. ಆದರೆ ಬೇರೆಯವರ ಗಾಳಿಯನ್ನು ಮಾತ್ರ ನಂಬುತ್ತಿರಲಿಲ್ಲ. ಅವರ ಮೂಗಿಗೆ ಯಾವ ಗಾಳಿಯಾದರೂ ನಡೆಯುತ್ತಿತ್ತು, ಅವರ ಕಾರಿನ ಚಕ್ರಕ್ಕೆ ನಡೆಯುತ್ತಿರಲಿಲ್ಲ. ಇಂಥವರೊಬ್ಬರು ಇರಲು ಸಾಧ್ಯವೇ ಎಂದು ನೀವು ಕೇಳಬಹುದು. ನಮ್ಮಕ್ಕನನ್ನು ಅವರಿಗೇ ಕೊಟ್ಟಿದ್ದರಿಂದ, ಇದ್ದರು ಎಂದು ನಾನು ಧೈರ್ಯವಾಗಿ ಹೇಳಬಲ್ಲೆ.

ಹಳ್ಳಿಮೈಸೂರಿನಲ್ಲಿ ಅವರದು ಹೊಗೆಸೊಪ್ಪಿನ ಬೇಸಾಯ. ಬೆಳೆ ಚೆನ್ನಾಗಿ ಕೈಗೆ ಬಂದ ಒಂದು ವರ್ಷ, ಸಕಲೇಶಪುರದ ಕಡೆಯ ಕಾಫಿ ತೋಟದ ಸಾಹೇಬರೊಬ್ಬರು ಸ್ವದೇಶಕ್ಕೆ ಹೊರಡುವಾಗ ಮಾರಿದ ಹಳೆಯ ಕಾರನ್ನು ಕೊಂಡು ತಂದರು. ಊರಿಗೆಲ್ಲ ಅದೊಂದೇ ಕಾರು. ಸಂಜೆ ಗತ್ತಾಗಿ ನಿಂತಿರುತ್ತಿದ್ದ ಅದು ಬೆಳಗಾಗುವಷ್ಟರಲ್ಲಿ ಹಿಂದಿನ ಎಡಚಕ್ರದ ಗಾಳಿ ಕಳೆದುಕೊಂಡು, ಕೆಸರಿನಲ್ಲಿ ಮಲಗಿದ ಎಮ್ಮೆಯಂತೆ ಒಂದು ಮಗ್ಗುಲಿಗೆ ವಾಲಿಕೊಂಡಿರುತ್ತಿತ್ತು. ಊರಿನಲ್ಲಿ ಇದ್ದದ್ದು ಒಂದು ಸೈಕಲ್ ಪಂಪು. ಅದರಿಂದ ಕಾರಿನ ಚಕ್ರ ತುಂಬುವುದೆಂದರೆ ಚೊಂಬಿನಲ್ಲಿ ಕೆರೆ ತುಂಬಿಸಿದ ಹಾಗೆ. ಆಳುಗಳು ಸರದಿಯ ಮೇಲೆ ಒತ್ತಿ ಒತ್ತಿ ಸುಸ್ತಾಗುತ್ತಿದ್ದರು.

"ಎತ್ತಾದ್ರೆ ಉಲ್ಲು ತಿಂದು ತಾನೇ ಎದ್ದು ನಿಂತ್ಕತದೆ ಗೌಡ್ರೆ. ಇದ್ಕೆ ದಿನಾ ನಮ್ಮ ಉಸುರೇ ಬೇಕಲ್ಲ" ಎಂದು ಒಬ್ಬ ಆಳು ಹೇಳಿದ ಮೇಲೆ ಭಾವನವರು ಯೋಚನೆಗೆ ಬಿದ್ದರು. ಮನೆಯಲ್ಲೇ ಒಂದು ನಂಬಿಕಸ್ತ ಪಂಪು ಇರಬೇಕು ಎಂದು ತೀರ್ಮಾನವಾಯಿತು.

ಅದೇ ವರ್ಷ ಅಕ್ಕನಿಗೆ ಹಾಸನದಲ್ಲಿ ಟೀಚರ್ ಟ್ರೈನಿಂಗಿಗೆ ಸೀಟು ಸಿಕ್ಕಿತು. ಅರ್ಜಿ ಹಾಕಿಸಿದವರು ಭಾವನವರೇ. ಹಾಸನ ಅಕ್ಕನ ತವರು. ನಮ್ಮಪ್ಪ ಅಲ್ಲಿ ತಾಲ್ಲೂಕು ಕಚೇರಿಯ ಗುಮಾಸ್ತರು. ನಾನೂ ಆಗ ಅಲ್ಲೇ ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಅಕ್ಕ ನಮ್ಮ ಮನೆಯಲ್ಲಿದ್ದುಕೊಂಡು ಓದುವುದೆಂದಾಯಿತು. ಭಾವನವರ ತಾಯಿಗೆ ಇದು ಸ್ವಲ್ಪವೂ ಹಿಡಿಸಲಿಲ್ಲ.

"ಮದ್ವೆಯಾದ ಎಂಗ್ಸು ತವರಲ್ಲಿ ಕುಂತ್ಕಂಡು ಓದೋದು ಎಲ್ಲಾರ ಉಂಟೇನ್ಲಾ? ನಿಂಗೆ ಬ್ಯಾಸರ ಆಗಾಕಿಲ್ವಾ?"

"ನಂಗೇನವ್ವ ಬ್ಯಾಸರ? ನಂಗೆ ಕಾರಿನ ಕೆಲ್ಸವೇ ಬೇಕಾದಷ್ಟದೆ. ಓಗ್ಲಿ ಬುಡು."

ಅಕ್ಕ ಟ್ರಂಕು ಹಿಡಿದು ನಮ್ಮಲ್ಲಿಗೆ ಬಂದಳು. ಮುಂದಿನ ಭಾನುವಾರವೇ ಬಾಗಿಲಲ್ಲಿ ಕಾರು ನಿಂತಿತು. ಭಾವನವರು ಇಳಿದು, ಯಾರೂ ಏನೂ ಕೇಳುವ ಮೊದಲೇ, "ಪಂಪು ನೋಡಕ್ಕೆ ಬಂದೆ ಮಾವ" ಎಂದರು.

ನನ್ನನ್ನು ಕರೆದುಕೊಂಡು ಬಸ್ ಸ್ಟ್ಯಾಂಡಿನ ಹತ್ತಿರದ ಮೋಟಾರು ಸಾಮಾನಿನ ಅಂಗಡಿಗಳನ್ನೆಲ್ಲ ಸುತ್ತಿದರು. ಆ ಅಂಗಡಿಯವರ ಕರ್ಮ ಏನೆಂದು ಹೇಳಲಿ? ಕೈಪಂಪು ತೋರಿಸಿದರೆ ಅದನ್ನು ಒತ್ತಿ, ಕಿವಿಗಿಟ್ಟು ಕೇಳಿ, "ಒಳಗೆ ವಾಷರ್ರು ಒಣಗದೆ, ಕೆಮ್ತಾ ಅದೆ" ಎನ್ನುವರು. ಕಾಲುಪಂಪು ತೋರಿಸಿದರೆ, "ನಾನು ಚಪ್ಪಲಿ ಆಕ್ಕಂಡು ತುಳೀಬೇಕಾ, ಬುಟ್ಟು ತುಳೀಬೇಕಾ?" ಎಂದು ಕೇಳುವರು. ಯಾವ ಉತ್ತರ ಕೊಟ್ಟರೂ ತಪ್ಪು. ಇಂಜಿನ್ನಿನ ಒಂದು ಪ್ಲಗ್ ಬಿಚ್ಚಿ ಅಲ್ಲಿ ಕೊಳವೆ ಸಿಕ್ಕಿಸಿದರೆ ತಾನೇ ಗಾಳಿ ತುಂಬುವ ಪಂಪೊಂದು ಇತ್ತು. ಅದನ್ನು ಬಹಳ ಹೊತ್ತು ನೋಡಿ, "ಇಂಜಿನ್ನು ತನ್ನ ಉಸ್ರು ತಗಂಡೋಗಿ ಚಕ್ರಕ್ಕೆ ಕೊಟ್ರೆ, ಕಾರು ಎಳೆಯೋರ್ಯಾರು?" ಎಂದು ಕೆಳಗಿಟ್ಟರು.

ಕೊನೆಗೆ ಅಂಗಡಿಯವನೊಬ್ಬ ತಾಳ್ಮೆಗೆಟ್ಟು, "ಸಾ, ಎಣ್ಣು ನೋಡಕ್ಕೋದ್ರೂ ಜನ ಇಷ್ಟು ಪರೀಕ್ಷೆ ಮಾಡಾಕಿಲ್ಲ" ಎಂದ.

"ಎಣ್ಣು ನಾನು ನೋಡ್ಲೇ ಇಲ್ಲ ಕಣಪ್ಪ, ನಮ್ಮವ್ವ ನೋಡಿದ್ದು. ಅದುಕ್ಕೇ ಚೆಂದಾಗಿರೋಳು ಸಿಕ್ಕವ್ಳೆ. ಪಂಪು ನಾನೇ ನೋಡ್ಬೇಕಲ್ಲ, ಅದೇ ಕಷ್ಟ" ಎಂದರು ಭಾವನವರು.

ಮನೆಗೆ ಬಂದು ಹಜಾರದಲ್ಲಿ ಅಪ್ಪನ ಎದುರು ಕುಳಿತರು. ಅಕ್ಕ ಕಾಫಿ ತಂದಳು. ಹಿರಿಯರ ಎದುರು ಗಂಡ ಹೆಂಡತಿ ಮುಖ ಎತ್ತಿ ಮಾತಾಡುವ ಕಾಲವಲ್ಲ ಅದು. ಲೋಟ ಇಡುತ್ತಾ, ನೆಲ ನೋಡಿಕೊಂಡೇ ಅಕ್ಕ ಕೇಳಿದಳು.

"ಸಿಕ್ತಾ?"

"ಎಲ್ಲಿ ಸಿಕ್ತು? ಒಂದೂ ಸರಿಗಿಲ್ಲ."

"ಅವಸರದಲ್ಲಿ ಯಾವುದೋ ಒಂದು ತಗಬ್ಯಾಡಿ. ನಿಧಾನವಾಗಿ ನೋಡಿ."

ಇಷ್ಟೇ ಮಾತು. ಭಾವನವರು ಕಾಫಿ ಕುಡಿದು ಹೊರಟರು. ಮುಂದಿನ ಭಾನುವಾರ ಮತ್ತೆ ಬಂದರು. ಅದರ ಮುಂದಿನ ಭಾನುವಾರವೂ ಬಂದರು.

ನಡುವೆ ಅವರ ತಾಯಿ, "ಆಸನಕ್ಕೇ ಯಾಕ್ಲಾ ಓಗ್ಬೇಕು, ಅರಕಲಗೂಡಲ್ಲೂ ಸಿಕ್ತದಂತೆ" ಎಂದು ಒಮ್ಮೆ ಅಲ್ಲಿಗೆ ಅಟ್ಟಿದರು. ಹೋದ ಹಾಗೇ ಬರಿಗೈಯಲ್ಲಿ ಬಂದ ಭಾವನವರು, "ಅರಕಲಗೂಡಿಂದು ಮಳೆ ಸೀಮೆ ಪಂಪು ಕಣವ್ವ, ತ್ಯಾವದ ಗಾಳಿ. ಚಕ್ರಕ್ಕೆ ಶೀತ ಆಯ್ತದೆ" ಎಂದರಂತೆ. ಚನ್ನರಾಯಪಟ್ಟಣದ ಮಾತೆತ್ತಿದರೆ ಅಲ್ಲಿಯದು ಒಣ ಗಾಳಿ. ಒಟ್ಟಿನಲ್ಲಿ ತೇವವೂ ಅಲ್ಲದ ಒಣಗಿದ್ದೂ ಅಲ್ಲದ ಹದವಾದ ಗಾಳಿ ಸಿಗುವ ಊರು ಇಡೀ ಜಿಲ್ಲೆಯಲ್ಲಿ ಹಾಸನ ಒಂದೇ.

ಕಷ್ಟ ಬಂದದ್ದು ನಮ್ಮಪ್ಪನಿಂದ. ಅಪ್ಪ ಸರಳ ಮನುಷ್ಯರು, ಅಳಿಯಂದಿರು ಪಾಪ ವಾರವಾರವೂ ಅಲೆಯುತ್ತಾರಲ್ಲ ಎಂದು ಮರುಗಿದರು. ಪರಿಚಯದ ತೋಟದವರೊಬ್ಬರನ್ನು ಹಿಡಿದು, ವಿಲಾಯಿತಿಯ ಹಿತ್ತಾಳೆ ಪಂಪೊಂದನ್ನು ತರಿಸಿ ಹಜಾರದಲ್ಲಿ ಇಟ್ಟುಕೊಂಡು ಕಾದರು. ಕೈಪಂಪು. ಅಡ್ಡಹಿಡಿ ತೇಗದ್ದು, ಕೊಳವೆ ಉದ್ದ, ವಾಷರ್ ಹೊಚ್ಚ ಹೊಸದು. ನಾನೇ ನಾಲ್ಕು ಸಾರಿ ಒತ್ತಿ ನೋಡಿದೆ. ಹೆಸರಿಡುವ ಹಾಗೇ ಇರಲಿಲ್ಲ.

ಭಾವನವರು ಬಂದರು. ಪಂಪು ನೋಡಿದರು. ಅವರ ಮುಖ ಸಪ್ಪಗಾಯಿತು. ಕಾರಿನ ಹತ್ತಿರ ಒಯ್ದು ಒತ್ತಿದರೆ ಚಕ್ರ ಕಲ್ಲಿನಂತಾಯಿತು. ಕಿವಿಗಿಟ್ಟರು, ಕೆಮ್ಮಲಿಲ್ಲ. ತಿರುಗಿಸಿ ಮುರುಗಿಸಿ ನೋಡಿದರು. ಅಪ್ಪ ಹೆಮ್ಮೆಯಿಂದ ನಿಂತಿದ್ದರು. ಬಾಗಿಲ ಮರೆಯಲ್ಲಿ ಅಕ್ಕ ನಿಂತಿದ್ದಳು.

"ಪಂಪೇನೋ ಚೆಂದಾಗದೆ ಮಾವ" ಎಂದರು ಭಾವನವರು ಕೊನೆಗೆ. "ಆದ್ರೆ ಇದು ಬಲಗೈಯೋರ್ದು."

"ಪಂಪಿಗೆ ಎಡ ಬಲ ಏನಪ್ಪ? ಎಲ್ಡು ಕೈಲಿ ತಾನೆ ಒತ್ತೋದು?"

"ನಾನು ಎಡಚ ಮಾವ."

ಭಾವನವರು ಎಡಚರೆಂಬುದು ಆ ಗಳಿಗೆಯವರೆಗೆ ಅವರಿಗೂ ಗೊತ್ತಿರಲಿಲ್ಲ. ಹಿಂದಿನ ಭಾನುವಾರವಷ್ಟೇ ನಮ್ಮ ಮನೆಯಲ್ಲಿ ಬಲಗೈಯಲ್ಲಿ ಮುದ್ದೆ ಮುರಿದು ಉಂಡವರು! ಅಪ್ಪ ತಬ್ಬಿಬ್ಬಾಗಿ ನನ್ನ ಮುಖ ನೋಡಿದರು. ಬಾಗಿಲ ಹಿಂದಿನಿಂದ ಸೆರಗು ಬಾಯಿಗೊತ್ತಿಕೊಂಡ ನಗು ಕೇಳಿಸಿತು. ಅದುಮಿದರೂ ನಿಲ್ಲದ ಸಣ್ಣ ನಗು. ಅದನ್ನು ಕೇಳಿದ ಭಾವನವರ ಮುಖ ನೋಡಬೇಕಿತ್ತು. ನನಗೆ ತಿಳಿಯಬೇಕಾದದ್ದು ಆಗ ತಿಳಿಯಿತು.

ಕಾರಿನವರೆಗೆ ಬಿಡಲು ಹೋದಾಗ ಕೇಳಿದೆ. "ಭಾವ, ಅಕ್ಕನ್ನ ನೋಡಕ್ಕೆ ಬಂದೆ ಅಂತ್ಲೇ ಬನ್ನಿ. ನಮ್ಮನೇಲಿ ಯಾರು ಬ್ಯಾಡ ಅಂತಾರೆ?"

ಅವರು ಬಾಗಿಲು ಹಿಡಿದುಕೊಂಡು ನಿಂತರು. "ನಿಮ್ಮನೇದಲ್ಲ ಕಣ್ಲಾ. ಅವ್ಳಿಲ್ದೆ ನಂಗೆ ಆಯ್ತಾ ಇಲ್ಲ ಅಂತ ನಮ್ಮವ್ವಂಗೆ ಗೊತ್ತಾಗ್ಲಿ, ನಾಳೆನೇ ಕರ್ಕಂಬಾ ಅಂತಾಳೆ. ಓದು ನಿಂತೋಯ್ತದೆ. ಪಂಪಿನ ಉಚ್ಚು ಇಡುದದೆ ಅಂದ್ಕಳ್ಳಿ, ಪರ್ವಾಗಿಲ್ಲ."

ಹೀಗೆ ಆ ವರ್ಷವೆಲ್ಲ ಭಾವನವರು ಊರವರ ಬಾಯಲ್ಲಿ ಪಂಪಿನ ಹುಚ್ಚರಾದರು. ಅಂಗಡಿಯವರು ಅವರ ಕಾರು ಕಂಡರೆ ಒಳಗೆ ಸರಿದುಕೊಳ್ಳುತ್ತಿದ್ದರು. ಅಕ್ಕ ಓದಿ ಪಾಸಾದಳು. ಫಲಿತಾಂಶ ಬಂದ ದಿನ ಭಾವನವರು ಮೊದಲು ಕಂಡ ಅಂಗಡಿಗೆ ನುಗ್ಗಿ, ಕೈಗೆ ಸಿಕ್ಕಿದ ಪೆಟ್ಟಿಗೆಯನ್ನು ಬಿಚ್ಚಿಯೂ ನೋಡದೆ ಎತ್ತಿಕೊಂಡು ಬಂದರು. ಮನೆಯಲ್ಲಿ ತೆಗೆದರೆ ಅದರಲ್ಲಿ ಪಂಪೇ ಇರಲಿಲ್ಲ, ಲಾರಿಯ ಹಾರನ್ನು ಇತ್ತು. "ಇರ್ಲಿ ಬುಡು, ಇದೂ ಗಾಳಿದೇ" ಎಂದರು.

ಅಕ್ಕನನ್ನು ಕರೆದೊಯ್ಯುವ ದಿನ ಸಾಮಾನಿನ ಜೊತೆ ನಾನೂ ಹಿಂದಿನ ಸೀಟಿನಲ್ಲಿ ಕುಳಿತೆ. ಊರು ದಾಟಿ ಹೊಳೆನರಸೀಪುರದ ದಾರಿ ಹಿಡಿದೆವು. ಎರಡೂ ಕಡೆ ಆಲೂಗಡ್ಡೆ ಹೊಲಗಳು ಹೂ ಬಿಟ್ಟಿದ್ದವು. ಜನಸಂಚಾರವಿಲ್ಲದ ಕಡೆ ಭಾವನವರು ಕಾರು ನಿಲ್ಲಿಸಿ, "ಸೊಲ್ಪ ಇಳಿದು ಚಕ್ರ ನೋಡ್ಲಾ" ಎಂದರು. ಇಳಿದು ಹಿಂದಿನ ಚಕ್ರ ಒತ್ತಿ ನೋಡಿದೆ. ಗಟ್ಟಿಯಾಗಿತ್ತು. ಹೇಳೋಣವೆಂದು ತಲೆ ಎತ್ತಿದೆ. ಮುಂದಿನ ಸೀಟಿನಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಾ ಕುಳಿತಿದ್ದರು. ಹಜಾರ, ಕಾಫಿ ಲೋಟ, ಅಪ್ಪ ಯಾರೂ ನಡುವೆ ಇರಲಿಲ್ಲ.

"ಬಾಳ ಇಳ್ದೋಗಿದೀಯ ಕಣೆ" ಎಂದರು ಭಾವನವರು.

"ನೀವೂ" ಎಂದಳು ಅಕ್ಕ.

ನಾನು ಸದ್ದಿಲ್ಲದೆ ಆಚೆ ಬದಿಯ ಚಕ್ರದ ಹತ್ತಿರ ಹೋಗಿ ಕುಳಿತುಕೊಂಡೆ. ಅವರು ಕರೆಯುವವರೆಗೂ ಏಳಲಿಲ್ಲ.