ಭೂತಗನ್ನಡಿಯಲ್ಲಿ ಮಿಠಾಯಿ

ವೀಗನ್ ಆದವಳು ನನ್ನ ನಾದಿನಿ. ಬೀಗ ಬಿದ್ದದ್ದು ಮಾತ್ರ ನನ್ನ ಬಾಯಿಗೆ. ಹಾಲು, ಬೆಣ್ಣೆ, ಜೇನು, ಒಟ್ಟಿನಲ್ಲಿ ಪ್ರಾಣಿಯಿಂದ ಬಂದದ್ದು ಯಾವುದೂ ಅವಳಿಗೆ ಆಗದು. ಕಳೆದ ಸಲ ಬಂದಾಗ ನಾನು ಪ್ರೀತಿಯಿಂದ ಕೊಟ್ಟ ಚಾಕೊಲೇಟನ್ನು ಅರ್ಧ ತಿಂದ ಮೇಲೆ, ಅದರಲ್ಲಿ ಹಾಲಿನ ಪುಡಿ ಇದೆಯೆಂದು ಗೊತ್ತಾಗಿ ಅತ್ತುಬಿಟ್ಟಳು. ಅವಳು ಅತ್ತದ್ದು ಒಂದು ಸಂಜೆ, ಅವಳ ಅಕ್ಕ ನನ್ನೊಡನೆ ಮಾತು ಬಿಟ್ಟದ್ದು ವಾರಗಟ್ಟಲೆ. (ಮೊದಮೊದಲು ಹಾಯಾಗಿತ್ತು. ಆಮೇಲೆ ಊಟವೂ ತಣ್ಣಗಾಯಿತು.)

ಈ ಸಲ ಅವಳು ಹಾಸ್ಟೆಲಿನಿಂದ ಎರಡು ದಿನಕ್ಕೆ ಬರುತ್ತಾಳೆಂದು ಸುದ್ದಿ ಬಂದಾಗ, ಮಿಠಾಯಿ ತರುವ ಘನಕಾರ್ಯ ಮತ್ತೆ ನನ್ನ ತಲೆಗೇ ಬಿತ್ತು.

"ಪೊಟ್ಟಣದ ಹಿಂದೆ ಬರೆದಿರೋದನ್ನ ಪೂರ್ತಿ ಓದ್ಕೊಂಡು ತನ್ನಿ. ಇನ್ನೊಂದ್ಸಲ ಹಾಗಾದ್ರೆ ಅವಳ ಜೊತೆಗೇ ನಾನೂ ಹೊರಟುಹೋಗ್ತೀನಿ," ಎಂದಳು ನನ್ನವಳು. (ಅದು ಬೆದರಿಕೆಯೋ ಆಮಿಷವೋ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.)

ಭೂತಗನ್ನಡಿ ಹಿಡಿದು ಅಂಗಡಿಗೆ ನಡೆದೆ. ಪೊಟ್ಟಣದ ಮುಂದಿನ ಹೆಸರು ಆನೆಯಷ್ಟು, ಹಿಂದಿನ ವಿವರ ಸಾಸಿವೆಯಷ್ಟು. ಜೆಲ್ಲಿಯಲ್ಲಿ ಜೆಲಟಿನ್ ಎಂದಿತ್ತು. ಫೋನಿನಲ್ಲಿ ಹುಡುಕಿದರೆ ಅದು ಪ್ರಾಣಿಗಳ ಚರ್ಮ, ಮೂಳೆ ಬೇಯಿಸಿ ತೆಗೆದದ್ದು. ಗೋಲಿ ಮಿಠಾಯಿಯ ಫಳಫಳ ಹೊಳಪು ಅರಗಿನ ಹುಳದ ಕೃಪೆ. ಕೆಂಪು ಮಿಠಾಯಿಯ ಬಣ್ಣ ಇನ್ನೊಂದು ಹುಳವನ್ನು ಅರೆದದ್ದು. ಇಷ್ಟು ವರ್ಷ ನಾನು ಚೀಪಿದ್ದು ಮಿಠಾಯಿಯೋ ಮೃಗಾಲಯವೋ ಎಂದು ತಲೆ ತಿರುಗಿತು.

ಕನ್ನಡಿ ಹಿಡಿದು, ಒಂದೊಂದೇ ಪೊಟ್ಟಣಕ್ಕೆ ತಲೆಯಾಡಿಸಿ ಕೆಳಗಿಡುತ್ತಿದ್ದ ನನ್ನನ್ನು ಅಂಗಡಿಯವನು ಆಹಾರ ಇಲಾಖೆಯ ಅಧಿಕಾರಿ ಎಂದುಕೊಂಡ. ಕುರ್ಚಿ ಬಂತು, ತಣ್ಣನೆಯ ಜ್ಯೂಸ್ ಬಂತು. ಕೊನೆಗೆ ತಪಾಸಣೆಯ ಪುಸ್ತಕವೂ ಬಂತು. ಎಲ್ಲಾ ಸರಿಯಿದೆ ಎಂದು ಬರೆದುಬಿಡಿ ಸಾರ್ ಎಂದು ಅಂಗಲಾಚಿದ. ಸಿಹಿಗೆ ಹೋದವನಿಗೆ ಸಹಿ ಕೇಳಿದರೆ ಏನು ಮಾಡಲಿ? ನಾದಿನಿಗೆ ಮಿಠಾಯಿ ಬೇಕಿತ್ತು ಅಷ್ಟೇ ಎಂದೆ. ಕುರ್ಚಿ ಹೋಯಿತು. ಜ್ಯೂಸೂ ಹೋಗುವುದರಲ್ಲಿತ್ತು, ಗಟಗಟನೆ ಕುಡಿದು ಮುಗಿಸಿದೆ. ಅಂತೂ ಮೂಲೆಯಲ್ಲಿ ಬರೀ ಸಕ್ಕರೆ, ನಿಂಬೆರಸದ ಪೆಪ್ಪರಮಿಂಟು ಸಿಕ್ಕಿತು.

ನಾದಿನಿ ಬಂದಳು, ಚೀಪಿದಳು, ನಕ್ಕಳು. ಅಲ್ಲಿಗೆ ನಾನು ಸುಮ್ಮನಿರಬೇಕಿತ್ತು. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡ ಹಾಗೆ, ಜೆಲಟಿನ್ ಪುರಾಣ, ಅರಗಿನ ಹುಳದ ಚರಿತ್ರೆ, ಎಲ್ಲವನ್ನೂ ಸವಿಸ್ತಾರವಾಗಿ ಬಿಚ್ಚಿಟ್ಟೆ. ಅವಳ ಮುಖ ಬಿಳಿಚಿಕೊಂಡಿತು. ಹಾಸ್ಟೆಲಿನಲ್ಲಿ ದಿನಾ ತಿನ್ನುತ್ತಿದ್ದುದು ಆ ಫಳಫಳ ಗೋಲಿಗಳನ್ನೇ ಅಂತೆ. ಮತ್ತೆ ಅಳುತ್ತಾಳೆಂದು ನಾನು ಬಾಗಿಲ ಕಡೆ ಸರಿದೆ. ಅವಳು ಕಣ್ಣೊರೆಸಿಕೊಂಡು ಹೇಳಿದಳು:

"ಭಾವ, ನನಗೋಸ್ಕರ ಇಷ್ಟು ಓದಿದವರು ಯಾರೂ ಇಲ್ಲ. ಇನ್ಮೇಲೆ ನಾನು ಇಲ್ಲೇ ಇರ್ತೀನಿ."

ಅವಳ ಮಾತು ಮುಗಿಯುವ ಮೊದಲೇ ಅಕ್ಕ ನನ್ನ ಕೋಣೆಯಲ್ಲಿ ತಂಗಿಗೆ ಹಾಸಿಗೆ ಹಾಸಿಯಾಗಿತ್ತು.

ಈಗ ಸಾಬೂನಿನಿಂದ ಹಿಡಿದು ಟೂತ್‌ಪೇಸ್ಟಿನವರೆಗೆ ಮನೆಗೆ ಬಂದದ್ದನ್ನೆಲ್ಲ ಪಾರಾಯಣ ಮಾಡುವವನು ನಾನೇ. ಕುಡಿಯುವುದು ಕರಿ ಕಾಫಿ. ಈ ಮನೆಯಲ್ಲಿ ನನ್ನ ಪಾಲಿಗೆ ಉಳಿದಿರುವ ಹಾಲು ಒಂದೇ: ಚಾಪೆ ಹಾಸಿಕೊಂಡು ಮಲಗುವ ಹಾಲು.